ಹನ್ನೆರಡನೇ ದರ್ಜೆಯ ನಡುಕ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷ ನಾನು ಭೂಕಂಪ, ಚಂಡಮಾರುತ, ಪ್ರವಾಹ, ಜ್ವಾಲಾಮುಖಿಗಳ ಮೇಲೆಯೇ ಹೊಟ್ಟೆ ಹೊರೆದವನು. ಆದರೆ ಇವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವನಲ್ಲ. ಕಾಣದ್ದನ್ನು ಹೇಗೆ ಕಲಿಸಿದಿರಿ ಎಂದು ಕೆಲವರು ಕೇಳುತ್ತಾರೆ. ಇತಿಹಾಸದ ಮೇಷ್ಟ್ರು ಪಾಣಿಪತ್ ಯುದ್ಧ ನೋಡಿದ್ದರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಆ ಇತಿಹಾಸದ ಮೇಷ್ಟ್ರೂ ನಾನೇ ಆಗಿದ್ದೆ ಎಂಬುದು ಬೇರೆ ಮಾತು.

ಶಾಲೆ ಇದ್ದದ್ದು ಹೈದರಾಬಾದಿನ ಸನತ್‌ನಗರದಲ್ಲಿ. ಕಾರ್ಖಾನೆಗಳಲ್ಲಿ ದುಡಿಯಲು ಬೀದರ್, ಗುಲಬರ್ಗಾ, ಬಿಜಾಪುರದ ಕಡೆಯಿಂದ ಬಂದವರ ಮಕ್ಕಳು ಅಲ್ಲಿ ಕನ್ನಡದಲ್ಲಿ ಓದುತ್ತಿದ್ದರು, ತೆಲುಗಿನಲ್ಲಿ ಆಡುತ್ತಿದ್ದರು, ಹಿಂದಿಯಲ್ಲಿ ಜಗಳ ಮಾಡುತ್ತಿದ್ದರು. ನಾನು ಮಾತ್ರ ಗಲಾಟೆ ಬೇಡವೆಂದು ದೂರದ ಲಿಂಗಂಪಲ್ಲಿಯಲ್ಲಿ ಮನೆ ಮಾಡಿಕೊಂಡು, ಬೆಳಿಗ್ಗೆ ರೈಲಿನಲ್ಲಿ ಬಂದು, ಗಂಟೆ ಬಾರಿಸಿದ ಕೂಡಲೇ ರೈಲಿನಲ್ಲಿ ಹೋಗುತ್ತಿದ್ದೆ. ಹೀಗಾಗಿ ಶಾಲೆಯ ಗೇಟಿನಾಚೆಯ ಸನತ್‌ನಗರ ನನಗೆ ಸ್ಟೇಷನ್ನಿನವರೆಗೆ ಮಾತ್ರ ಗೊತ್ತು.

ಈ ಊರಿನಲ್ಲಿ ವಿಪತ್ತುಗಳ ಪಾಠ ಮಾಡುವುದು ಸುಲಭವಲ್ಲ. ಹೈದರಾಬಾದು ಕೂತಿರುವುದೇ ಬಂಡೆಯ ಮೇಲೆ. ಸಮುದ್ರ ಇಲ್ಲ, ಜ್ವಾಲಾಮುಖಿ ಇಲ್ಲ. ಆಗ ಅದು ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿ. ಚಂಡಮಾರುತ ಕರಾವಳಿಗೆ ಬಂದರೆ ಅದರ ಬಗೆಗಿನ ಸಭೆ ಮಾತ್ರ ಇಲ್ಲಿಗೆ ಬರುತ್ತಿತ್ತು. ಮೂಸಿ ನದಿ ಹಿಂದೊಮ್ಮೆ ಊರನ್ನೇ ನುಂಗಿತ್ತು ಎಂದು ಹೇಳಿದರೆ, ಅದರ ಈಗಿನ ನೀರು ನೋಡಿದ ಮಕ್ಕಳು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಅವರಿಗೆ ಮನವರಿಕೆ ಮಾಡಿಕೊಡಲು ಒಂದು ವರ್ಷ ತರಗತಿಯಲ್ಲೇ ಮರಳಿನ ಮೂಸಿ ನದಿ ಮಾಡಿ, ಮೇಲಿನಿಂದ ಒಂದು ಬಕೆಟ್ ನೀರು ಸುರಿದೆ. ಪಾಠ ನಿರೀಕ್ಷೆ ಮೀರಿ ಯಶಸ್ವಿಯಾಯಿತು. ನೀರು ಬಾಗಿಲ ಸಂದಿಯಿಂದ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಕೆಳಗಿನ ಕಪಾಟಿನಲ್ಲಿದ್ದ ಹಾಜರಿ ಪುಸ್ತಕವನ್ನು ತೋಯಿಸಿತು. ಆ ತಿಂಗಳು ನಮ್ಮ ಶಾಲೆಗೆ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ಇಂದಿಗೂ ತಿಳಿಯದು. ಹೆಡ್‌ಮಾಸ್ತರ್ ದೇಸಾಯಿಯವರು ಸಿಟ್ಟಾಗಲಿಲ್ಲ, ಕನ್ನಡಕ ಒರೆಸಿಕೊಂಡು, "ಹಿರೇಮಠ, ಇನ್ನ ಮ್ಯಾಲ ನೀವು ಒಣಾ ಪಾಠ ಅಷ್ಟ ಮಾಡ್ರಿ" ಎಂದರು. ಅಂದಿನಿಂದ ನನ್ನ ಒಲವು ಭೂಕಂಪದ ಕಡೆ ತಿರುಗಿತು.

ಅದೇ ಹೊತ್ತಿಗೆ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಮಕ್ಕಳಿಗೆ ನೈಸರ್ಗಿಕ ವಿಪತ್ತುಗಳ ಪ್ರಮಾಣ ಮತ್ತು ಪರಿಣಾಮಗಳನ್ನು ಅನುಭವದ ಮೂಲಕ ಕಲಿಸಬೇಕು. ಅಧಿಕಾರಿಯೊಬ್ಬರು ಬಂದು ಪಾಠವನ್ನೂ, ಮಕ್ಕಳು ಕಟ್ಟಡದಿಂದ ಹೊರಗೆ ಹೋಗುವ ಅಭ್ಯಾಸವನ್ನೂ ನೋಡುತ್ತಾರೆ. ಮಕ್ಕಳು ಕಡಿಮೆಯಾಗುತ್ತಿದ್ದ ನಮ್ಮಂಥ ಶಾಲೆಯ ಮೇಲೆ ಇಲಾಖೆಯ ಕಣ್ಣು ಮೊದಲೇ ಇತ್ತು. "ಈ ಸಾಹೇಬ ಛಲೋ ಬರದು ಹೋದ್ರ ಸಾಲಿ ಉಳೀತೈತಿ. ಇಲ್ಲಾಂದ್ರ ಮುಂದಿನ ವರ್ಷ ಕನ್ನಡ ವರ್ಗಾನ ಮುಚ್ಚತಾರ" ಎಂದರು ದೇಸಾಯಿಯವರು. ನನ್ನ ಇಪ್ಪತ್ತೆರಡು ವರ್ಷದ ಜ್ವಾಲಾಮುಖಿಗಳೂ ಅದರೊಂದಿಗೆ ಆರಿಹೋಗುತ್ತವೆ ಎಂಬುದು ನನಗೆ ತಕ್ಷಣ ಅರ್ಥವಾಯಿತು.

ಭೂಕಂಪಕ್ಕೆ ಎರಡು ಅಳತೆ. ಒಂದು ಭೂಮಿಯೊಳಗಿನ ಬಲದ್ದು, ಅದಕ್ಕೆ ಯಂತ್ರ ಬೇಕು. ಇದರಲ್ಲಿ ಅಂಕಿ ಒಂದು ಏರಿದರೆ ನಡುಕ ಹತ್ತು ಪಟ್ಟು ಏರುತ್ತದೆ. ಇದನ್ನು ಹೇಳಿದ ದಿನ ಎಂಟನೆಯ ತರಗತಿಯ ಮಲ್ಲಪ್ಪ ಎದ್ದು ನಿಂತು, "ಸರ, ಹೋದ ಪರೀಕ್ಷಾದಾಗ ನನಗ ಮೂವತ್ತಾರ ಬಂದಾವ, ಈರಣ್ಣಗ ಮೂವತ್ತೈದ. ಹಂಗಾರ ನಾ ಅವನಕಿಂತ ಹತ್ತ ಪಟ್ಟ ಶಾಣ್ಯಾ ಏನ್ರಿ?" ಎಂದು ಕೇಳಿದ. ನಾನು ಬಹಳ ಯೋಚಿಸಿ, ಕೂತುಕೋ ಎಂದೆ. ಇನ್ನೊಂದು ಅಳತೆ ಪರಿಣಾಮದ್ದು. ಇದಕ್ಕೆ ಯಂತ್ರ ಬೇಡ. ಮನೆ, ಪಾತ್ರೆ, ಮನುಷ್ಯರು ಇದ್ದರೆ ಸಾಕು. ಒಂದನೇ ದರ್ಜೆಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಮೂರರಲ್ಲಿ ತೂಗುಹಾಕಿದ ವಸ್ತು ಅಲ್ಲಾಡುತ್ತದೆ. ನಾಲ್ಕರಲ್ಲಿ ಪಾತ್ರೆ, ಕಿಟಕಿ ಸದ್ದು ಮಾಡುತ್ತವೆ. ಐದರಲ್ಲಿ ಮಲಗಿದವರು ಏಳುತ್ತಾರೆ, ಆರರಲ್ಲಿ ಜನ ಹೆದರಿ ಹೊರಗೆ ಓಡುತ್ತಾರೆ. ಹೀಗೆ ಏರುತ್ತ ಹೋಗಿ ಹನ್ನೆರಡಕ್ಕೆ ನೆಲದ ರೂಪವೇ ಬದಲಾಗುತ್ತದೆ.

ನಾಲ್ಕನೇ ದರ್ಜೆಯ ವಿಷಯದಲ್ಲಿ ನನಗೆ ಸ್ವಂತ ಅನುಭವವಿತ್ತು. ನನ್ನ ಹೆಂಡತಿ ಸುಮಿತ್ರಾಳಿಗೆ ಸಿಟ್ಟು ಬಂದರೆ ಅವಳು ಬಾಯಿಂದ ಹೆಚ್ಚು ಮಾತಾಡುವವಳಲ್ಲ, ಪಾತ್ರೆಗಳ ಮೂಲಕ ಮಾತಾಡುವವಳು. ತಾಟು ಸಿಟ್ಟಿನ ಕಾರಣ ಹೇಳುತ್ತದೆ, ತಂಬಿಗೆ ಹಳೆಯ ಪ್ರಸಂಗಗಳನ್ನು ನೆನಪಿಸುತ್ತದೆ. ಆ ಸದ್ದಿನಲ್ಲಿ ನಾನು ನೆಮ್ಮದಿಯಾಗಿ ಕೂತು ಉತ್ತರಪತ್ರಿಕೆ ತಿದ್ದುತ್ತೇನೆ. ಆ ವರ್ಷ ಪಾತ್ರೆಗಳು ಮಾತಾಡಲು ಕಾರಣವೂ ಭೂಕಂಪವೇ. ನಾಂಪಲ್ಲಿಯ ಜನವರಿ ಪ್ರದರ್ಶನದಲ್ಲಿ ಅವಳು ಅಂಗಡಿಯವನ ಜೊತೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿ ಒಂದು ಗಾಜಿನ ತೂಗುದೀಪ ತಂದಿದ್ದಳು. ಮೂರನೇ ದರ್ಜೆ ತೋರಿಸಲು ಬೇಕೆಂದು ನಾನು ಅದನ್ನು ಒಯ್ದು ತರಗತಿಯ ತೊಲೆಗೆ ಕಟ್ಟಿದೆ.

ಕಟ್ಟಿದ ದಿನವೇ ದೀಪ ಅಲ್ಲಾಡತೊಡಗಿತು. ನಾನು ಮಾತು ನಿಲ್ಲಿಸಿ ಮೇಲೆ ನೋಡಿದೆ. ಮಕ್ಕಳು ಯಾರೂ ನೋಡಲಿಲ್ಲ. ಕಿಟಕಿಯ ಪಕ್ಕದ ಬೆಂಚಿನ ರೇಣುಕಾ ಮಾತ್ರ ನನ್ನ ಮುಖ ನೋಡಿ, "ಅದು ಹ್ಯಾಮರ್ ರೀ ಸರ. ದಿನಾ ಇರತೈತಿ" ಎಂದಳು. ಅವಳ ತಂದೆ ಪಕ್ಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಕಾದ ಕಬ್ಬಿಣವನ್ನು ಬಡಿಯುವ ಒಂದು ದೊಡ್ಡ ಯಂತ್ರ. ಅದು ಒಮ್ಮೆ ಬಿದ್ದರೆ ಸುತ್ತಲಿನ ನೆಲವೆಲ್ಲ ಧಪ್ ಎನ್ನುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಸೈರನ್ ಆಗಿ ಶುರುವಾದರೆ, ಊಟದ ಸೈರನ್ನಿಗೆ ನಿಂತು, ಮತ್ತೆ ಸೈರನ್ನಿಗೆ ಹೊರಟು, ಸಂಜೆ ಐದರ ಸೈರನ್ನಿಗೆ ನಿಲ್ಲುತ್ತಿತ್ತು. ಅಷ್ಟು ವರ್ಷ ನನ್ನ ಮೇಜಿನ ಮೇಲಿನ ಸೀಮೆಸುಣ್ಣ ತಾನಾಗಿ ಉರುಳಿ ಬೀಳುತ್ತಿದ್ದುದಕ್ಕೆ ನಾನು ಮೇಜು ಮಾಡಿದ ಬಡಗಿಯನ್ನು ಬಯ್ಯುತ್ತಿದ್ದೆ.

ಅನುಭವದ ಮೂಲಕ ಕಲಿಸಬೇಕಲ್ಲ, ಅದಕ್ಕಾಗಿ ಮನೆಗೆಲಸ ಕೊಟ್ಟೆ. ಪ್ರತಿಯೊಬ್ಬರೂ ತಮ್ಮ ಮನೆಯ ಸಾಮಾನು, ಮನೆಯ ಮಂದಿ ನೋಡಿ ಹನ್ನೆರಡು ದರ್ಜೆಗಳನ್ನು ಬರೆದು ತರಬೇಕು. ನೋಟ್‌ಬುಕ್ಕುಗಳ ಗಂಟು ಮನೆಗೆ ಒಯ್ದು ತಿದ್ದಲು ಕೂತೆ. ಮಲ್ಲಪ್ಪ ಪಠ್ಯಪುಸ್ತಕವನ್ನು ಇದ್ದದ್ದು ಇದ್ದ ಹಾಗೇ ಇಳಿಸಿದ್ದ, ಈರಣ್ಣ ಮಲ್ಲಪ್ಪನನ್ನು ಇಳಿಸಿದ್ದ. ಇಬ್ಬರಿಗೂ ಹತ್ತಕ್ಕೆ ಎಂಟು ಕೊಟ್ಟೆ. ರೇಣುಕಾಳ ಪುಸ್ತಕ ಮಾತ್ರ ತಲೆಕೆಳಗಾಗಿತ್ತು. "ಒಂದನೇ ದರ್ಜೆ: ಪಾತ್ರೆಗಳು ಸದ್ದು ಮಾಡುತ್ತವೆ. ಗೋಡೆ ನಡುಗುತ್ತದೆ. ಅಜ್ಜಿ ಮಲಗಿರುತ್ತಾಳೆ. ಯಾರಿಗೂ ಏನೂ ತಿಳಿಯುವುದಿಲ್ಲ." ಅಲ್ಲಿಂದ ಮುಂದೆ ನಡುಕ ಕಡಿಮೆಯಾಗುತ್ತ ಬಂದು, ಕೊನೆಗೆ, "ಹನ್ನೆರಡನೇ ದರ್ಜೆ: ಸೈರನ್ ಆಗದೆ ಹ್ಯಾಮರ್ ನಿಲ್ಲುತ್ತದೆ. ಏನೂ ಅಲ್ಲಾಡುವುದಿಲ್ಲ. ಅಜ್ಜಿ ಏಳುತ್ತಾಳೆ. ಎಲ್ಲರೂ ಹೆದರಿ ಹೊರಗೆ ಬರುತ್ತಾರೆ. ರೊಟ್ಟಿ ಸುಡುತ್ತವೆ."

ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ತಪ್ಪು. ಮತ್ತೆ ಅಳೆದು ಬರೆ" ಎಂದು ಬರೆದು ಸೊನ್ನೆ ಕೊಟ್ಟೆ. ಕೆಳಗೆ, ಎಲ್ಲರ ಪುಸ್ತಕದಲ್ಲೂ ಬರೆದ ಹಾಗೆ, ತಂದೆಯ ಸಹಿ ಮಾಡಿಸಿ ತರಬೇಕೆಂದೂ ಸೇರಿಸಿದೆ. ಚಹಾ ಕೊಡಲು ಬಂದ ಸುಮಿತ್ರಾ ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು. "ಈ ಹುಡುಗಿ ಖರೇನ ಬರದಾಳಲ್ರಿ" ಎಂದಳು. "ನಿನಗ ಭೂಗೋಳ ತಿಳಿಯೂದಿಲ್ಲ" ಎಂದೆ. ಅವಳು ಒಳಗೆ ಹೋದಳು, ತಾಟುಗಳು ಸ್ವಲ್ಪ ಹೊತ್ತು ಮಾತಾಡಿದವು, ನಾನು ಮುಂದಿನ ಪುಸ್ತಕ ತೆಗೆದುಕೊಂಡೆ.

ಇನ್ನು ಅಭ್ಯಾಸದ ಸಂಗತಿ. ಭೂಕಂಪ ಬೇಕೆಂದಾಗ ಬರುವುದಿಲ್ಲವಾದ್ದರಿಂದ, ನಮ್ಮ ಜವಾನ ಯಾದಗಿರಿ ವರಾಂಡದಲ್ಲಿ ಒಂದು ಖಾಲಿ ಎಣ್ಣೆ ಡ್ರಮ್ಮನ್ನು ಉರುಳಿಸುವುದೆಂದು ಗೊತ್ತುಮಾಡಿದೆ. ಡ್ರಮ್ ಉರುಳುವಷ್ಟು ಹೊತ್ತು ಭೂಮಿ ನಡುಗುತ್ತಿದೆ ಎಂದು ಲೆಕ್ಕ. ಮಕ್ಕಳಿಗೆ ಒಂದೇ ನಿಯಮ ಬಾಯಿಪಾಠ ಮಾಡಿಸಿದೆ: ನಡುಗಿದರೆ ಬೆಂಚಿನ ಕೆಳಗೆ, ನಿಂತರೆ ಬಯಲಿಗೆ, ಚೀಲ ಬಿಟ್ಟು, ಮಾತಾಡದೆ, ಸಾಲಾಗಿ. ಒಂದು ವಾರ ಇಪ್ಪತ್ಮೂರು ಮಕ್ಕಳೂ ಇದನ್ನು ಮಗ್ಗಿಯ ಹಾಗೆ ಕೂಗಿದರು. ಬೆಂಚಿನ ಕೆಳಗೆ ಹೋಗುವುದರಲ್ಲಿ ಅವರಿಗೆ ಮೊದಲೇ ಸಾಕಷ್ಟು ರೂಢಿಯಿತ್ತು. ಸಾಲಾಗಿ ಹೋಗುವುದು ಮಾತ್ರ ಒಂದು ದಿನವೂ ಸರಿಯಾಗಲಿಲ್ಲ.

ಅಧಿಕಾರಿ ಬಂದರು. ತೆಲುಗಿನವರು, ಗಂಭೀರ ಮನುಷ್ಯ, ಹೊಳೆಯುವ ಬೂಟು. ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಮಾತಾಡುವುದನ್ನು ದೇಸಾಯಿಯವರು ಅವರ ಕಿವಿಯಲ್ಲಿ ಹಿಂದಿಗೆ ತಿರುಗಿಸುತ್ತಿದ್ದರು. ನಾನು ಬೆಂಚಿನ ಕಾಲನ್ನು ಹೇಗೆ ಹಿಡಿದುಕೊಳ್ಳಬೇಕೆಂದು ತೋರಿಸಲು ನನ್ನ ಮೇಜಿನ ಕೆಳಗೆ ಹೊಕ್ಕೆ. ಐವತ್ತರ ವಯಸ್ಸಿನಲ್ಲಿ ಮೇಜಿನ ಕೆಳಗೆ ಹೋಗುವುದು ಕಷ್ಟವಲ್ಲ, ಬರುವುದು ಕಷ್ಟ. ಅಲ್ಲಿಂದಲೇ ವಿವರಿಸುತ್ತಿದ್ದೆ. ಆಗ ಏನೋ ಒಂದು ಇಲ್ಲವಾದಂತೆ ಅನಿಸಿತು. ಏನೆಂದು ತಿಳಿಯಲಿಲ್ಲ. ಎದುರಿಗೆ ಕಾಣುತ್ತಿದ್ದ ಕಾಲುಗಳೆಲ್ಲ ಎದ್ದು ನಿಂತವು. ಮೊದಲು ಕಿಟಕಿಯ ಪಕ್ಕದ ಎರಡು ಕಾಲು, ಆಮೇಲೆ ಉಳಿದವು, ಒಂದು ಮಾತಿಲ್ಲದೆ, ಚೀಲ ಮುಟ್ಟದೆ, ಒಂದರ ಹಿಂದೆ ಒಂದು ಬಾಗಿಲ ಕಡೆ ನಡೆದವು. ಆಮೇಲೆ ಹೊಳೆಯುವ ಬೂಟುಗಳೂ ಹೋದವು. ನಾನು ಅವಸರದಲ್ಲಿ ಎದ್ದು ಮೇಜಿಗೆ ತಲೆ ಬಡಿಸಿಕೊಂಡಾಗ ಕೋಣೆಯಲ್ಲಿ ಉಳಿದದ್ದು ತೂಗುದೀಪ ಒಂದೇ. ಅದು ಅಲ್ಲಾಡದೆ ನೆಟ್ಟಗೆ ನಿಂತಿತ್ತು. ಬಾಗಿಲಲ್ಲಿ ಯಾದಗಿರಿ ಎರಡೂ ಕೈಯಲ್ಲಿ ಡ್ರಮ್ ಹಿಡಿದುಕೊಂಡು, "ಸಾರ್, ಇಪ್ಪುಡು ದೊರ್ಲಿಂಚಾಲಾ?" ಎಂದು ಈಗ ಉರುಳಿಸಲು ಅಪ್ಪಣೆ ಕೇಳಿದ.

ಹೊರಗೆ ಬಂದರೆ ಬಯಲಿನಲ್ಲಿ ನಾಲ್ಕೈದು ಮಕ್ಕಳು ಬಿಟ್ಟು ಯಾರೂ ಇರಲಿಲ್ಲ. ಉಳಿದವರು ಗೇಟು ದಾಟಿ ಕಾರ್ಖಾನೆಯ ಹಿಂದಿನ ಗಲ್ಲಿಗೆ, ತಮ್ಮ ತಮ್ಮ ಮನೆಗಳಿಗೆ ಓಡಿಹೋಗಿದ್ದರು. ದೇಸಾಯಿಯವರು ಮುಖದಲ್ಲಿ ಏನೂ ತೋರಿಸದೆ ಅಧಿಕಾರಿಗೆ, ಇದು ಅಭ್ಯಾಸದ ಎರಡನೆಯ ಭಾಗ, ಮಕ್ಕಳು ಮನೆಮಂದಿ ಸುರಕ್ಷಿತವಾಗಿದ್ದಾರೋ ಇಲ್ಲವೋ ನೋಡಿ ಬರುತ್ತಾರೆ ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹಿರೇಮಠ, ಸಾಹೇಬರಿಗೆ ಉಪ್ಪಿಟ್ಟು ಕೊಡಾಕತ್ತೀನಿ. ಅವರು ಚಹಾ ಕುಡಿದು ಏಳೂದ್ರಾಗ ಹುಡುಗೂರು ಇಲ್ಲಿರಬೇಕ ನೋಡ್ರಿ" ಎಂದರು.

ನಾನು ಆ ಗಲ್ಲಿಗೆ ಹೋದದ್ದು ಅದೇ ಮೊದಲು. ಬಯ್ಯಲು ತಯಾರಾಗಿಯೇ ಹೋದೆ. ಆದರೆ ಗಲ್ಲಿಯ ಬಾಯಿಗೆ ಬಂದಾಗ ಬಯ್ಯುವ ಧೈರ್ಯವಾಗಲಿಲ್ಲ. ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ಹೆಂಗಸರೆಲ್ಲ ಹೊರಗೆ ನಿಂತಿದ್ದರು. ಒಬ್ಬಳ ಕೈಯಲ್ಲಿ ಸೌಟು, ಒಬ್ಬಳ ಕೈಯಲ್ಲಿ ಹಿಟ್ಟು. ಎಲ್ಲರೂ ಕಾರ್ಖಾನೆಯ ಗೋಡೆಯ ಕಡೆ ನೋಡುತ್ತಿದ್ದರು. ನನ್ನ ವಿದ್ಯಾರ್ಥಿಗಳು ತಾಯಂದಿರ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಎಲ್ಲಿಂದಲೋ ರೊಟ್ಟಿ ಸುಟ್ಟ ವಾಸನೆ ಬರುತ್ತಿತ್ತು.

ರೇಣುಕಾ ತನ್ನ ಮನೆಯ ಮುಂದೆ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಒಳಗೆ ಮಂಚದ ಮೇಲೆ ಅವಳ ಅಜ್ಜಿ ಎದ್ದು ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬರ್ರಿ ಮಾಸ್ತರ. ನಿಮಗೂ ಗೊತ್ತಾತೇನ್ರಿ?" ಎಂದಳು.

"ಏನ ಗೊತ್ತಾಗೂದಬೇ?" ಎಂದೆ.

"ಗ್ವಾಡಿಗೆ ಕೈ ಹಚ್ಚಿ ನೋಡ್ರಿ."

ಹಚ್ಚಿದೆ. "ಏನೂ ಇಲ್ಲಲ್ಲಬೇ."

"ಹೌದ್ರಿ. ಏನೂ ಇಲ್ಲ" ಎಂದಳು ಅಜ್ಜಿ. "ಹ್ವಾದ ಸಲಾನೂ ಹಿಂಗ ಆಗಿತ್ರಿ. ಸೈರನ್ ಇಲ್ಲ ಏನಿಲ್ಲ, ಹ್ಯಾಮರ್ ನಿಂತ ಬಿಟ್ಟತು. ಮರದಿನ ಗೇಟಿಗೆ ಕೀಲಿ ಹಾಕಿದ್ರು, ಆರ ತಿಂಗಳ ತಗೀಲಿಲ್ರಿ. ಆ ನಳದ ಮುಂದಿನ ಮನಿ, ಈ ಕಡೀ ಮನಿ, ಮೂಲಿ ಮನಿ, ಎಲ್ಲಾ ಖಾಲಿ ಆದೂ. ನಮ್ಮ ರೇಣಕಿ ಗೆಳತ್ಯಾರು ಮೂರ ಮಂದಿ ಸಾಲಿ ಬಿಟ್ಟ ಊರಿಗೆ ಹ್ವಾದ್ರು. ಮತ್ತ ಬರಲಿಲ್ರಿ."

ಆ ಮೂರು ಮಂದಿ ನನಗೆ ಗೊತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಊರಿಗೆ ಹೋದರು" ಎಂದು ಬರೆದವನು ನಾನೇ. ಯಾಕೆ ಹೋದರು ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ, ಕೇಳಲು ನನಗೆ ರೈಲಿನ ಹೊತ್ತಾಗಿತ್ತು. ನಾನು ಗೋಡೆಯಿಂದ ಕೈ ತೆಗೆಯಲಿಲ್ಲ. ಸುಣ್ಣ ಬಳಿದ ತಣ್ಣನೆಯ ಗೋಡೆ. ಅದು ನಡುಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಪಕ್ಕದಲ್ಲಿ ರೇಣುಕಾ ತುಟಿ ಕಚ್ಚಿಕೊಂಡು ನಿಂತಿದ್ದಳು.

ಎಷ್ಟು ಹೊತ್ತು ಹಾಗೆ ನಿಂತೆವೋ. ಅಧಿಕಾರಿಯ ಚಹಾ, ಶಾಲೆ, ಯಾವುದೂ ನೆನಪಿಗೆ ಬರಲಿಲ್ಲ. ಒಮ್ಮೆಲೇ ಅಂಗೈಗೆ ಧಪ್ ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ. ಒಳಗೆ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಯಾರೂ ಕೂಗಲಿಲ್ಲ, ಕೈ ತಟ್ಟಲಿಲ್ಲ. "ಚಾಲೂ ಆತು ನೋಡ" ಎಂದು ಯಾರೋ ಅಂದರು, ಹೆಂಗಸರು ಒಳಗೆ ಹೋಗಿ ಸುಟ್ಟ ರೊಟ್ಟಿ ಕೆರೆಯತೊಡಗಿದರು. ಅಜ್ಜಿ ಮಂಚದ ಮೇಲೆ ಮಲಗಿ, ಗೋಡೆ ನಡುಗುತ್ತಿರುವಾಗಲೇ ನಿದ್ದೆಹೋದಳು. ಯಂತ್ರದ ಬೆಲ್ಟ್ ಹರಿದಿತ್ತಂತೆ, ಅಷ್ಟೇ. ನಾನು ಮಕ್ಕಳನ್ನು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ರೇಣುಕಾಳಿಗೆ ಆ ಸೊನ್ನೆಯ ಬಗ್ಗೆ ಏನಾದರೂ ಹೇಳಬೇಕೆಂದುಕೊಂಡೆ, ಗೇಟು ಬಂತು, ಹೇಳಲಿಲ್ಲ.

ಅಧಿಕಾರಿ ಎರಡನೆಯ ಲೋಟ ಚಹಾ ಮುಗಿಸುತ್ತಿದ್ದರು. ಮಕ್ಕಳ ತಲೆ ಎಣಿಸಿ, "ಶಭಾಷ್ ಮಾಸ್ಟರ್‌ಗಾರು" ಎಂದು ನನ್ನ ಕೈ ಕುಲುಕಿದರು. ಭೇಟಿಯ ಪುಸ್ತಕದಲ್ಲಿ ಬರೆದದ್ದನ್ನು ದೇಸಾಯಿಯವರು ಎರಡು ಸಲ ಓದಿ ಹೇಳಿದರು: ಸೂಚನೆ ಕೊಡುವ ಮೊದಲೇ ಮಕ್ಕಳು ಅಪಾಯವನ್ನು ಗುರುತಿಸಿ ಶಿಸ್ತಿನಿಂದ ಹೊರಗೆ ಹೋದರು, ಕೊನೆಯ ಮಗು ಹೋಗುವವರೆಗೆ ಶಿಕ್ಷಕರು ಕೋಣೆ ಬಿಡಲಿಲ್ಲ, ಇಂಥ ಶಾಲೆ ಮುಂದುವರಿಯಬೇಕು. ಆ ಶಿಕ್ಷಕರು ಮೇಜಿನ ಕೆಳಗಿದ್ದರು ಎಂಬುದನ್ನು ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದರು. ಮಧ್ಯಾಹ್ನ ತಂದೆತಾಯಿಯರ ಸಹಿಯಾದ ನೋಟ್‌ಬುಕ್ಕುಗಳನ್ನು ಕೂಡಿಸಿ, ಗಂಟು ಕಟ್ಟಿಕೊಂಡು ರೈಲು ಹತ್ತಿದೆ.

ಮನೆಗೆ ಬಂದವನೇ ಅಧಿಕಾರಿಯ ಹೊಗಳಿಕೆಯನ್ನು ಸುಮಿತ್ರಾಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಶಾಲೆ ಉಳಿಯಿತಲ್ಲ ಎಂದು ಸಂತೋಷಪಟ್ಟಳು. ಆಮೇಲೆ ಗಲ್ಲಿಯ ಕತೆ ಹೇಳಿದೆ. ಆರಿಸುವ ಕೈ ನಿಂತಿತು.

"ಆ ಹುಡುಗಿಗೆ ಕೊಟ್ಟ ಸೊನ್ನಿ?" ಎಂದಳು.

"ಅದು ರಿಜಿಸ್ಟರಕ್ಕ ಏರಿ ಹೋಗೇತಿ..." ಎಂದೆ.

ಅವಳು ಮೊರ ತೆಗೆದುಕೊಂಡು ಒಳಗೆ ಹೋದಳು. ನಾನು ಪಾತ್ರೆಗಳ ಸದ್ದಿಗೆ ಕಾದೆ. ತಾಟು ಬೀಳಲಿಲ್ಲ, ತಂಬಿಗೆ ಉರುಳಲಿಲ್ಲ. ಅಡುಗೆಮನೆಯಲ್ಲಿ ಯಾರೂ ಇಲ್ಲವೇನೋ ಎಂಬಂತಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಹೀಗೆ ಆದದ್ದು ಎರಡೋ ಮೂರೋ ಸಲ. ಒಂದೊಂದರಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದಿದ್ದವು. ಇಷ್ಟು ಗೊತ್ತಿದ್ದ ಮನುಷ್ಯ ಆ ಹುಡುಗಿಯ ಉತ್ತರದ ಮೇಲೆ ಹೇಗೆ ಗೆರೆ ಎಳೆದೆನೋ.

ಗಂಟು ಬಿಚ್ಚಿ ರೇಣುಕಾಳ ಪುಸ್ತಕ ಹುಡುಕಿ ತೆಗೆದೆ. ನನ್ನ "ತಪ್ಪು. ಮತ್ತೆ ಅಳೆದು ಬರೆ" ಎಂಬುದರ ಕೆಳಗೆ ಅವಳ ತಂದೆ ದಪ್ಪ ಅಕ್ಷರದಲ್ಲಿ, ಮೇಷ್ಟ್ರ ಮೇಲೆ ಪೂರ್ತಿ ಭರವಸೆಯಿಟ್ಟು, ಸಹಿ ಮಾಡಿದ್ದ. ಅದರ ಕೆಳಗೆ ಆ ಮಧ್ಯಾಹ್ನ ರೇಣುಕಾ ಪೆನ್ಸಿಲ್ಲಿನಲ್ಲಿ ಒಂದು ಸಾಲು ಬರೆದಿದ್ದಳು: "ಮತ್ತೆ ಅಳೆದೆನು ಸರ್. ಹನ್ನೆರಡೇ ಬಂದಿತು."

ನಾನು ಕೆಂಪು ಶಾಯಿಯ ಪೆನ್ನು ತೆಗೆದೆ. ನನ್ನ ಕೆಂಪು ಗೆರೆಯ ಮೇಲೆ ಇನ್ನೊಂದು ಕೆಂಪು ಗೆರೆ ಎಳೆದು, "ತಪ್ಪು ನನ್ನದು" ಎಂದು ಬರೆದು, ಸೊನ್ನೆ ತೆಗೆದು ಅಂಕ ಹಾಕಿ, ಕೆಳಗೆ ನಾನೂ ಸಹಿ ಮಾಡಿದೆ. ಪುಸ್ತಕವನ್ನು ಅಡುಗೆಮನೆಗೆ ಒಯ್ದು ಸುಮಿತ್ರಾಳ ಮುಂದೆ ಹಿಡಿದೆ. ಅವಳು ಕೈ ಒರೆಸಿಕೊಂಡು ಪೂರ್ತಿ ಓದಿದಳು. ಮುಖ ಸ್ವಲ್ಪ ಸಡಿಲವಾಯಿತು. ಕೊನೆಗೆ ಅಂಕದ ಮೇಲೆ ಬೆರಳಿಟ್ಟಳು.

"ಹತ್ತಕ್ಕ ಒಂಬತ್ತು. ಒಂದು ಯಾಕ ಕಡಿಮಿ?"

"ಅಕ್ಷರ ಸ್ವಲ್ಪ ಡೊಂಕ ಅದಾವ" ಎಂದೆ.

ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ಒಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಿಂದ, ಬಹಳ ನಿಧಾನವಾಗಿ, ಚೂರೂ ಸದ್ದಾಗದಂತೆ ಕೆಳಗಿಟ್ಟಳು. ನನಗೆ ಮಕ್ಕಳಿಗೆ ಕಲಿಸಿದ ನಿಯಮ ನೆನಪಾಯಿತು. ಚೀಲ ಅಲ್ಲೇ ಬಿಟ್ಟು, ಒಂದು ಮಾತೂ ಆಡದೆ, ಸಾಲಾಗಿ ಬಯಲಿಗೆ ಹೊರಟೆ. ಒಬ್ಬನೇ ಇದ್ದುದರಿಂದ ಸಾಲು ನೇರವಾಗಿಯೇ ಇತ್ತು.